ಶ್ರೀಶೈಲಕ್ಕೆ ನಡೆಯುವವರೇ, ಬ್ಯಾಗಿಗಿಂತ ಮೊದಲು ಕಾಲು ನೋಡಿಕೊಳ್ಳಿ

ಪ್ರಶ್ನೆ: ನಾವು ಇಳಕಲ್ಲಿನವರು. ಈ ಯುಗಾದಿಗೆ ಊರಿನ 22 ಜನರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿದ್ದೇವೆ. ಮುದಗಲ್, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ಕಾಡಿನ ದಾರಿ. 350 ಕಿ.ಮೀ. ಆಸುಪಾಸು, 12 ದಿನ ಎಂದು ಹಿರಿಯರು ಲೆಕ್ಕ ಹಾಕಿದ್ದಾರೆ. ಹಿಂದೆ ಒಂದು ಟೆಂಪೋ ಬರುತ್ತದೆ. ನನಗೆ 43 ವರ್ಷ, ತೂಕ 58 ಕಿಲೋ, ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಇದು ಮೊದಲ ಸಲ. 4,200 ರೂಪಾಯಿ ಕೊಟ್ಟು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ ತಂದು, ಹಾಳಾಗಬಾರದು ಎಂದು ಡಬ್ಬಿಯಲ್ಲೇ ಇಟ್ಟಿದ್ದೇನೆ. ಬ್ಯಾಗ್ ತುಂಬಿ ತೂಗಿದರೆ 11 ಕಿಲೋ ಬಂತು. ಹೊದಿಕೆ, ಚಾಪೆ, ಐದು ಜೊತೆ ಬಟ್ಟೆ, ಮೂರು ಲೀಟರ್ ನೀರು, ರೊಟ್ಟಿ ಗಂಟು, ಪೂಜೆ ಸಾಮಾನು, ಔಷಧಿ ಡಬ್ಬಿ ಎಲ್ಲ ಇದೆ. ಚಪ್ಪಲಿ ಹಾಕಿದರೆ ಯಾತ್ರೆಯ ಫಲ ಇಲ್ಲ ಅನ್ನುತ್ತಾರೆ. ಗುಳ್ಳೆ ಎದ್ದರೆ ಸೂಜಿ ದಾರ ಪೋಣಿಸಬೇಕು, ರಾತ್ರಿ ಒಂದು ನೋವಿನ ಮಾತ್ರೆ ನುಂಗಬೇಕು ಅನ್ನುತ್ತಾರೆ. ನಮ್ಮ ಮಾವನವರಿಗೆ 64 ವರ್ಷ, 9 ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯ ಜೊತೆ ಇನ್ಸುಲಿನ್ ಕೂಡ ಇದೆ. ಬರಿಗಾಲಲ್ಲೇ ನಡೆಯುತ್ತೇನೆ ಎಂದು ಹರಕೆ ಹೊತ್ತಿದ್ದಾರೆ. ಇನ್ನು ಐದು ವಾರ ಇದೆ. ಏನು ಒಯ್ಯಲಿ, ಏನು ಬಿಡಲಿ?

ಉತ್ತರ: ನೀವು ಐದಾರು ವಿಷಯ ಕೇಳಿದ್ದೀರಿ. ಆದರೆ ಒಳಗಿನ ಚಿಂತೆ ಒಂದೇ ಅನಿಸಿತು. ಮಾವನವರನ್ನು ನೋಡಿಕೊಳ್ಳಬೇಕಾದ ನಾನೇ ನಾಲ್ಕನೇ ದಿನ ಟೆಂಪೋ ಹತ್ತಿ ಕೂತರೆ ಹೇಗೆ, ಅಲ್ವಾ? ನಾನು 19 ವರ್ಷದಿಂದ ಯುಗಾದಿಗೆ ಮುಂಚೆ ಲಿಂಗಸುಗೂರು–ರಾಯಚೂರು ದಾರಿ ಬದಿಯ ಪೆಂಡಾಲಿನಲ್ಲಿ ಕೂತು ಯಾತ್ರಿಗಳ ಕಾಲು ನೋಡುತ್ತೇನೆ. ಶಕ್ತಿ ಸಾಲದೆ ನಿಂತವರು ಅಲ್ಲಿ ಕಡಿಮೆ. ಅಂಗಾಲಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತು ನಿಂತವರೇ ಜಾಸ್ತಿ. 350 ಕಿ.ಮೀ. ಅಂದರೆ ಹತ್ತಿರ ಹತ್ತಿರ ಐದು ಲಕ್ಷ ಹೆಜ್ಜೆ. ಹಾಗಾಗಿ ಬ್ಯಾಗಿಗೆ ಏನೇ ಹಾಕುವಾಗಲೂ ಇದರಿಂದ ಕಾಲಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳಿ.

ಮೊದಲು ಆ 11 ಕಿಲೋ ಬಿಚ್ಚೋಣ. ನಿಮ್ಮ ದಾರಿ ಒಂದಲ್ಲ, ಎರಡು. ಆತ್ಮಕೂರಿನವರೆಗೆ ರಸ್ತೆ. ಅಲ್ಲಿ ಟೆಂಪೋ ನಿಮ್ಮ ಜೊತೆಗೇ ಇರುತ್ತದೆ, ಊರೂರಿಗೆ ದಾಸೋಹ ಇರುತ್ತದೆ. ಮಜ್ಜಿಗೆ, ಅಂಬಲಿ, ಕಲ್ಲಂಗಡಿ, ಅನ್ನ ಸಾರು, ಬೇಡ ಅಂದರೂ ಕೈಹಿಡಿದು ಕೂರಿಸಿ ಬಡಿಸುತ್ತಾರೆ. ಹೀಗಿರುವಾಗ ಚಾಪೆ, ಹೊದಿಕೆ, ರೊಟ್ಟಿ ಗಂಟು ಬೆನ್ನ ಮೇಲೆ ಯಾಕೆ? ಆತ್ಮಕೂರು ದಾಟಿ ವೆಂಕಟಾಪುರದಿಂದ ಮುಂದೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. ಈ ದಾರಿಗೆ ಟೆಂಪೋ ಬರುವುದಿಲ್ಲ. ಅದು ದೋರ್ನಾಲ ಸುತ್ತಿ ಶ್ರೀಶೈಲಕ್ಕೆ ಹೋಗುತ್ತದೆ. ಅಂದರೆ ನೀವು ಬ್ಯಾಗ್ ತುಂಬಬೇಕಿರುವುದು 12 ದಿನಕ್ಕಲ್ಲ, ಕಾಡಿನ ಎರಡು ದಿನಕ್ಕೆ. ಹೊಸಬರು ಇದನ್ನೇ ತಿರುಗುಮುರುಗು ಮಾಡುತ್ತಾರೆ. ರಸ್ತೆಯಲ್ಲಿ ಎಲ್ಲ ಹೊತ್ತು ಸುಸ್ತಾಗಿ, ಆತ್ಮಕೂರಿನಲ್ಲಿ ಬ್ಯಾಗನ್ನೇ ಟೆಂಪೋಗೆ ಎಸೆದು, ಖಾಲಿ ಕೈಯಲ್ಲಿ ಕಾಡು ಹೊಕ್ಕುತ್ತಾರೆ. ಮಾತ್ರೆ, ಟಾರ್ಚ್, ನೀರಿನ ಬಾಟಲಿ ಎಲ್ಲ ದೋರ್ನಾಲದ ದಾರಿ ಹಿಡಿದಿರುತ್ತವೆ.

ದೇಹದ ತೂಕದ ಹತ್ತನೇ ಒಂದು ಪಾಲು ಮೀರಬೇಡಿ. ನಿಮಗೆ ಅದು 6 ಕಿಲೋ ಒಳಗೆ, ನೀರೂ ಸೇರಿ. ರಸ್ತೆಯಲ್ಲಿ 3 ಕಿಲೋ ಸಾಕು. ಒಂದು ಲೀಟರ್ ನೀರು, ಒಂದು ಒಣ ಟವೆಲ್, ಇನ್ನೊಂದು ಜೊತೆ ಸಾಕ್ಸ್, ಟೇಪು, ಓಆರ್‌ಎಸ್ ಪುಡಿ, ಟಾರ್ಚ್, ಫೋನು, ಆಧಾರ್ ಕಾರ್ಡು, ಒಂದಿಷ್ಟು ದುಡ್ಡು. ಟೋಪಿ ತಲೆ ಮೇಲೇ ಇರುತ್ತದೆ. ಕಾಡಿಗೆ ಇಳಿಯುವ ಹಿಂದಿನ ರಾತ್ರಿ ಇದಕ್ಕೆ ಇನ್ನೊಂದು ಲೀಟರ್ ನೀರು, ಒಂದು ಜೊತೆ ಬಟ್ಟೆ, ತೆಳು ಹೊದಿಕೆ, ಎರಡು ದಿನದ ಔಷಧಿ ಸೇರಿಸಿ. ಕಾಡಿನಲ್ಲೂ ದಾಸೋಹದ ಪೆಂಡಾಲು ಇರುತ್ತವೆ. ಆದರೆ ಒಂದರಿಂದ ಇನ್ನೊಂದರ ನಡುವೆ ನೀರಿಲ್ಲ. ತಿನ್ನಲು ಏನಾದರೂ ಬೇಕು ಅಂದರೆ ನಾಲ್ಕು ಖಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ. ಕೆಡುವುದಿಲ್ಲ, ಭಾರವಿಲ್ಲ, ಬೆವರಿನಲ್ಲಿ ಹೋದ ಉಪ್ಪೂ ಸಿಗುತ್ತದೆ. ಪ್ಲಾಸ್ಟಿಕ್ ಮಾತ್ರ ಹೊಕ್ಕಷ್ಟೇ ಹೊರಬರಲಿ. ಅದು ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶ.

ಬಟ್ಟೆ ಐದು ಜೊತೆ ಬೇಡ, ಮೂರು ಸಾಕು. ಹತ್ತಿ ಸೀರೆ ಉಟ್ಟು ನಡೆಯುವ ಅಭ್ಯಾಸ ಇದ್ದರೆ ಉಡಿ. ಆದರೆ ಒಳಗೆ ಮೊಣಕಾಲಿನವರೆಗಿನ ಬಿಗಿ ಲೆಗ್ಗಿಂಗ್ಸ್ ಹಾಕಿಕೊಳ್ಳಿ. ತೊಡೆ ಸಂದಿ ಉಜ್ಜಿ ಹುಣ್ಣಾದ ಹೆಣ್ಣುಮಕ್ಕಳು ಪೆಂಡಾಲಿಗೆ ಬಂದು ಕಾಲು ನೋವು ಎಂದಷ್ಟೇ ಹೇಳಿ ಮಾತ್ರೆ ಕೇಳುತ್ತಾರೆ. ನರ್ಸ್ ಪಕ್ಕಕ್ಕೆ ಕರೆದು ಕೇಳಿದ ಮೇಲೆ ನಿಜ ಗೊತ್ತಾಗುತ್ತದೆ. ಲಂಗದ ಲಾಡಿ ಬಿಗಿದ ಕಡೆ ಸೊಂಟದ ಸುತ್ತ ಕೂಡ ಇದೇ ಪಾಡು. ಹೊರಡುವ ಮುನ್ನ ಅಲ್ಲಿಗೆಲ್ಲ ವ್ಯಾಸಲೀನ್ ಹಚ್ಚಿ. ಪ್ಯಾಡುಗಳನ್ನು ತಿಂಗಳ ಲೆಕ್ಕ ನೋಡದೆ ಇಟ್ಟುಕೊಳ್ಳಿ. ಇಷ್ಟೊಂದು ನಡೆದಾಗ ದಿನ ಹಿಂದುಮುಂದಾಗುವುದುಂಟು.

ಈಗ ಆ ಶೂ. ನಿಮಗೆ ಬೇಸರ ಆಗಬಹುದು, ಆದರೆ ಅದು ಈ ದಾರಿಗಲ್ಲ. ವಾಟರ್‌ಪ್ರೂಫ್ ಶೂ ಹೊರಗಿನ ನೀರನ್ನು ತಡೆಯುತ್ತದೆ ನಿಜ. ಒಳಗಿನ ಬೆವರನ್ನೂ ತಡೆಯುತ್ತದೆ. ಮಾರ್ಚ್ ಕೊನೆಗೆ ರಾಯಚೂರು ಸೀಮೆಯಲ್ಲಿ ನಿಮಗೆ ಮಳೆಗಿಂತ ಬೆವರಿನದೇ ಕಾಟ. ತೂಕವೂ ಜಾಸ್ತಿ. ಬೆನ್ನ ಮೇಲಿನ ಅರ್ಧ ಕಿಲೋಗೆ ಎಷ್ಟು ದಣಿವೋ, ಪಾದಕ್ಕೆ ಕಟ್ಟಿದ 100 ಗ್ರಾಂಗೆ ಹೆಚ್ಚುಕಮ್ಮಿ ಅಷ್ಟೇ ದಣಿವು. ಜಾಲರಿ ಬಟ್ಟೆಯ, ಹಗುರ, ಅಡಿ ಮೆತ್ತಗಿರುವ ವಾಕಿಂಗ್ ಶೂ ಸಾಕು. ಅಂಗಡಿಗೆ ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಹೆಬ್ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ನಾಲ್ಕೈದು ದಿನ ನಡೆದ ಮೇಲೆ ಪಾದ ಊದಿ ಆ ಜಾಗ ತುಂಬಿಕೊಳ್ಳುತ್ತದೆ. ಜೊತೆಗೆ ಹಿಮ್ಮಡಿಗೆ ಪಟ್ಟಿ ಇರುವ ಒಂದು ಸ್ಯಾಂಡಲ್ ಇರಲಿ. ಮಧ್ಯಾಹ್ನದ ಮೇಲೆ ಅದನ್ನು ಹಾಕಿದರೆ ಉಜ್ಜುವ ಜಾಗ ಬದಲಾಗುತ್ತದೆ. ಹವಾಯಿ ಚಪ್ಪಲಿ ತಂಗುವ ಜಾಗದಲ್ಲಿ ಮಾತ್ರ. ಅದರಲ್ಲಿ ದೂರ ನಡೆದರೆ ಬೆರಳ ಸಂದಿ ಕಿತ್ತುಬರುತ್ತದೆ, ಚಪ್ಪಲಿ ಜಾರದಂತೆ ಬೆರಳು ಬಿಗಿಹಿಡಿದು ಮೀನಖಂಡ ಸೋಲುತ್ತದೆ.

ಯಾವ ಶೂ ಆದರೂ ಡಬ್ಬಿಯಲ್ಲಿ ಇಡಬೇಡಿ. ನಾಳೆಯಿಂದಲೇ ಹಾಕಿ. ಮೊದಲ ವಾರ ದಿನಾ 4–5 ಕಿ.ಮೀ., ಆಮೇಲೆ ಏರಿಸುತ್ತಾ ಹೋಗಿ. ನಾಲ್ಕನೇ ವಾರ ಶನಿವಾರ 15, ಭಾನುವಾರ ಮತ್ತೆ 15 ಕಿ.ಮೀ., ಬೆನ್ನಿಗೆ ಅದೇ ಬ್ಯಾಗ್ ಹಾಕಿಕೊಂಡು. ಭಾನುವಾರವೇ ನಿಜವಾದ ಪರೀಕ್ಷೆ. ಒಂದು ದಿನ ಯಾರಾದರೂ ನಡೆಯುತ್ತಾರೆ, ನೊಂದ ಕಾಲಲ್ಲಿ ಮರುದಿನ ನಡೆಯುವುದೇ ಪಾದಯಾತ್ರೆ. ಕೊನೆಯ ವಾರ ಸುಮ್ನೆ ಇರಿ. ಉಗುರು ನೇರಕ್ಕೆ ಕತ್ತರಿಸಿ. ಭೀಮನ ಕೊಳ್ಳದಲ್ಲಿ ಕಡಿದಾದ ಮೆಟ್ಟಿಲು ಇಳಿಯುವಾಗ ಬೆರಳು ಶೂ ಮುಂಭಾಗಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಇಳಿಯುವ ಮುನ್ನ ಲೇಸು ಬಿಗಿ ಮಾಡಿ. ಅಲ್ಲಿ ಕೋಲು ತುಂಬಾ ಉಪಯೋಗ, ಮೊಣಕಾಲಿನ ಭಾರ ಕೈಗೂ ಹಂಚಿಕೆಯಾಗುತ್ತದೆ. ಅಂಗಡಿಯ ಕೋಲೇ ಬೇಕಿಲ್ಲ. ಬಿದಿರಿನದಾದರೂ ಸರಿ.

ಗುಳ್ಳೆ ಯಾಕೆ ಏಳುತ್ತದೆ ಎಂದು ಕೇಳಿದರೆ ಶೂ ಉಜ್ಜಿ ಅನ್ನುತ್ತಾರೆ. ಅರ್ಧ ನಿಜ. ಒಂದು ಸಣ್ಣ ಪ್ರಯೋಗ ಮಾಡಿ. ಎಡಗೈ ಹಿಂಭಾಗದ ಮೇಲೆ ಬಲಗೈ ಬೆರಳು ಒತ್ತಿ ಹಿಡಿದು, ಬೆರಳು ಜಾರದಂತೆ ಹಿಂದೆ ಮುಂದೆ ಆಡಿಸಿ. ಚರ್ಮ ಬೆರಳಿಗೆ ಅಂಟಿಕೊಂಡೇ ಇದೆ, ಒಳಗಿನ ಮೂಳೆ ನಿಂತಲ್ಲೇ ಇದೆ, ನಡುವಿನ ಪದರ ಎಳೆದಾಡುತ್ತಿದೆ. ಅಂಗಾಲಿನಲ್ಲಿ ಪ್ರತಿ ಹೆಜ್ಜೆಗೂ ಇದೇ ನಡೆಯುತ್ತದೆ. ಸಾವಿರಾರು ಸಲ ಎಳೆದಾಡಿದ ಮೇಲೆ ಒಳಪದರ ಹರಿದು ಬೇರೆಯಾಗಿ ನೀರು ತುಂಬಿಕೊಳ್ಳುತ್ತದೆ. ಚರ್ಮ ಹಸಿಯಾಗಿದ್ದಷ್ಟೂ ಸಾಕ್ಸಿಗೆ ಗಟ್ಟಿಯಾಗಿ ಅಂಟುತ್ತದೆ, ಎಳೆತ ಜಾಸ್ತಿಯಾಗುತ್ತದೆ. ಅದಕ್ಕೇ ದಪ್ಪ ಹತ್ತಿ ಸಾಕ್ಸ್ ಬೇಡ ಅನ್ನುವುದು, ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೇಗ ಒಣಗುವ ಸಾಕ್ಸ್ ನಾಲ್ಕು ಜೊತೆ ತಗೊಳ್ಳಿ. ಒಳಗೆ ತೆಳುವಾದ ಇನ್ನೊಂದು ಸಾಕ್ಸ್ ಹಾಕಿದರೆ ಎಳೆತ ಎರಡು ಸಾಕ್ಸಿನ ನಡುವೆ ಹೋಗುತ್ತದೆ, ಚರ್ಮ ಉಳಿಯುತ್ತದೆ. ಎರಡು ಗಂಟೆಗೊಮ್ಮೆ ಬಿಚ್ಚಿ ಗಾಳಿಯಾಡಿಸಿ. ಬಿಚ್ಚಿದ ಜೊತೆಯನ್ನು ಬ್ಯಾಗಿಗೆ ಪಿನ್ನು ಹಾಕಿ ನೇತುಬಿಟ್ಟರೆ ನಡೆಯುತ್ತಲೇ ಒಣಗುತ್ತದೆ.

ದಾರಿಯ ಊರುಗಳಲ್ಲಿ ಭಕ್ತಿಯಿಂದ ಯಾತ್ರಿಗಳ ಕಾಲಿಗೆ ನೀರು ಹಾಕುತ್ತಾರೆ. ಬೇಡ ಅನ್ನಬೇಡಿ, ಅವರಿಗೆ ನೋವಾಗುತ್ತದೆ. ಆದರೆ ಒದ್ದೆ ಕಾಲಿಗೆ ಸಾಕ್ಸ್ ಏರಿಸಿಕೊಂಡು ಹೊರಡಬೇಡಿ. ಆ ಒಣ ಟವೆಲ್ ಇರುವುದೇ ಇದಕ್ಕೆ. ಬೆರಳ ಸಂದಿಯನ್ನೂ ಒರೆಸಿ, ಹತ್ತು ನಿಮಿಷ ಕಾಲು ಚಾಚಿ ಕೂತು ಮಜ್ಜಿಗೆ ಕುಡಿಯಿರಿ.

ಔಷಧಿ ಡಬ್ಬಿಯಲ್ಲಿ ನಾನು ಮೊದಲು ಹುಡುಕುವುದು ಪೇಪರ್ ಟೇಪು. ಮೆಡಿಕಲ್ ಶಾಪಿನಲ್ಲಿ ಮೈಕ್ರೊಪೋರ್ ಅಂದರೆ ಕೊಡುತ್ತಾರೆ, ದುಬಾರಿಯಲ್ಲ. ಮರುಭೂಮಿಯಂಥ ಜಾಗಗಳಲ್ಲಿ ಹಲವು ದಿನ ಸೇರಿ 250 ಕಿ.ಮೀ. ಓಡುವವರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಟೇಪು ಹಾಕಿದ ಜಾಗದಲ್ಲಿ ಗುಳ್ಳೆ ಸುಮಾರು ಶೇ 40ರಷ್ಟು ಕಡಿಮೆ ಇತ್ತು. ಅಭ್ಯಾಸದ ದಿನಗಳಲ್ಲಿ ನಿಮ್ಮ ಕಾಲಿಗೆ ಎಲ್ಲಿ ಉರಿಯುತ್ತದೆ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಬೆಳಿಗ್ಗೆಯೇ, ಒಣ ಚರ್ಮಕ್ಕೆ, ಸುಕ್ಕು ಬಾರದಂತೆ ಅಂಟಿಸಿ. ನಡೆಯುವಾಗ ಒಂದು ಕಡೆ ಬಿಸಿ ಬಿಸಿ ಅನಿಸಿದರೆ ಮುಂದಿನ ಊರಿನವರೆಗೆ ತಡೆಯಬೇಡಿ, ಕೂಡಲೇ ಕೂತು ನೋಡಿ. ನಿಮ್ಮ ತಂಡದ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ಗುಂಪು ಮುಂದೆ ಹೋಗಿಬಿಡುತ್ತದೆ ಎಂದು ಹೆದರಿ ನಡೆದವರೇ ಸಂಜೆ ನನ್ನ ಮುಂದೆ ಕೂರುತ್ತಾರೆ.

ದಾರದ ವಿಷಯಕ್ಕೆ ಬರೋಣ. ಒಂದು ವರ್ಷ ಒಬ್ಬ ರೈತರು ಬಂದಿದ್ದರು. ಎರಡೂ ಪಾದ ಸೇರಿ ಏಳು ದಾರ. ಕರಿ ಹೊಲಿಗೆ ದಾರ. ಪ್ರತಿ ಗುಳ್ಳೆಯ ಈ ಕಡೆ ಒಂದು ತುದಿ, ಆ ಕಡೆ ಒಂದು ತುದಿ, ರಸ್ತೆಯ ಮಣ್ಣು ಅಂಟಿ ಗಟ್ಟಿಯಾಗಿದ್ದವು. ಆರು ಚೆನ್ನಾಗೇ ಇದ್ದವು. ಏಳನೆಯದರಿಂದ ಒಂದು ಕೆಂಪು ಗೆರೆ ಪಾದದ ಗಂಟು ದಾಟಿ ಮೇಲೇರಿತ್ತು, ಮೈಯಲ್ಲಿ ಜ್ವರ. ಅವತ್ತೇ ಆಸ್ಪತ್ರೆಗೆ ಕಳಿಸಬೇಕಾಯಿತು. ದಾರ ಹಾಕುವವರು ದಡ್ಡರಲ್ಲ. ದಾರ ಬತ್ತಿಯ ಹಾಗೆ ನೀರನ್ನು ಹೊರಗೆಳೆಯುತ್ತದೆ, ತೂತು ಮುಚ್ಚದಂತೆ ನೋಡಿಕೊಳ್ಳುತ್ತದೆ, ನೋವು ಇಳಿಯುತ್ತದೆ. ಕಷ್ಟ ಏನೆಂದರೆ, ನೀರು ಹೊರಬರುವ ದಾರಿಯಲ್ಲೇ ಹೊಲಸು ಒಳಗೂ ಹೋಗುತ್ತದೆ.

ಗುಳ್ಳೆ ಸಣ್ಣದಿದ್ದು ನೋವಿಲ್ಲದಿದ್ದರೆ ಮುಟ್ಟಬೇಡಿ, ಮೇಲೆ ಗಾಜ್ ಬಟ್ಟೆ (ಗಾಯಕ್ಕೆ ಇಡುವ ಜಾಳು ಬಟ್ಟೆ) ಇಟ್ಟು ಟೇಪು ಹಾಕಿ. ದೊಡ್ಡದು, ಕಾಲೂರಲು ಆಗುತ್ತಿಲ್ಲ ಅಂದರೆ ಸೋಪಿನಿಂದ ತೊಳೆದು, ಪೊವಿಡೋನ್ ಅಯೋಡಿನ್ (ಸೋಂಕು ತಡೆಯುವ ಔಷಧಿ) ಹಚ್ಚಿ, ಸೀಲ್ ಒಡೆಯದ ಹೊಸ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ. ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕತ್ತರಿಸಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಇಲ್ಲ. ರಾತ್ರಿ ಬಿಚ್ಚಿ ನೋಡಿ. ಕೀವು, ಕೆಂಪು ಗೆರೆ, ಜ್ವರ ಇದ್ದರೆ ನಡಿಗೆ ಅಲ್ಲಿಗೆ ಸಾಕು. ಮಾವನವರ ಕಾಲಿನ ಗುಳ್ಳೆಗೆ ಮಾತ್ರ ನೀವು ಯಾರೂ ಸೂಜಿ ಹಾಕಬೇಡಿ.

ನೋವಿನ ಮಾತ್ರೆಯ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮನೆಯಲ್ಲಿ ಒಂದೆರಡು ದಿನ ತಗೊಂಡರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ದಿನವಿಡೀ ಬೆವರಿ, ನೀರು ಸಾಲದೆ, ಮೂತ್ರ ಹಳದಿಯಾದ ಮೈಗೆ ದಿನಾ ರಾತ್ರಿ ಅದನ್ನು ಕೊಟ್ಟರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಿಪಿ ಮಾತ್ರೆ ತಗೊಳ್ಳುವವರಿಗೆ ಇನ್ನೂ ಅಪಾಯ. ಪ್ಯಾರಸಿಟಮಾಲ್ ಇಟ್ಟುಕೊಳ್ಳಿ, ಬೇಕಾದಾಗ ಮಾತ್ರ, ದಿನಕ್ಕೆ 3 ಗ್ರಾಂ ಮೀರದಂತೆ. ನೋವು ಮರೆಸಿಕೊಂಡು ನಡೆದರೆ ಕಾಲು ಕೊಡುವ ಎಚ್ಚರಿಕೆಯೂ ಕೇಳಿಸುವುದಿಲ್ಲ.

ನೀರನ್ನು ಬಾಯಾರಿಕೆಯಾದಂತೆ ಕುಡಿಯಿರಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಸುರಿದುಕೊಂಡರೂ ಕಷ್ಟ, ರಕ್ತದಲ್ಲಿ ಉಪ್ಪು ಇಳಿದು ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಅಡ್ಡಾದಿಡ್ಡಿ ಮಾತಾಡಿದರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ನೀವು ಕೇಳದ ಒಂದು ವಸ್ತು ಇದೆ. ಮಿಂಚುವ ಪಟ್ಟಿಯ ಜಾಕೆಟ್. ಬಿಸಿಲು ತಪ್ಪಿಸಲು ನೀವೆಲ್ಲ ನಸುಕಿನ ಮೂರು ಗಂಟೆಗೆ ಹೊರಡುತ್ತೀರಿ. ಲಾರಿ ಚಾಲಕನಿಗೆ ನಿದ್ದೆ ತೂಗುವ ಹೊತ್ತೂ ಅದೇ. ಗುಳ್ಳೆಯಿಂದ ಯಾರೂ ಸತ್ತದ್ದನ್ನು ನಾನು ನೋಡಿಲ್ಲ, ರಸ್ತೆಯಲ್ಲಿ ನೋಡಿದ್ದೇನೆ. ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮುಂದಿನವರ ಕೈಯಲ್ಲೊಂದು, ಕೊನೆಯವರ ಕೈಯಲ್ಲೊಂದು ಟಾರ್ಚ್ ಇರಲಿ. 22 ಜಾಕೆಟ್ ಆಗದಿದ್ದರೆ ಮಿಂಚುವ ಟೇಪು ತಂದು ಎಲ್ಲರ ಬ್ಯಾಗಿಗೂ ಅಂಟಿಸಿ. ಕಿವಿಗೆ ಇಯರ್‌ಫೋನ್ ಬೇಡ.

ಇನ್ನು ಬರಿಗಾಲು. ಫಲದ ಮಾತು ನನ್ನದಲ್ಲ, ಅದು ಮಾವನವರಿಗೂ ಮಲ್ಲಯ್ಯನಿಗೂ ಬಿಟ್ಟಿದ್ದು. ಶೂ ಹಾಕಿ ಬಂದ ಹಿರಿಯರೂ ಮರಗಾಲು ಕಟ್ಟಿ ಬಂದ ಹುಡುಗರೂ ಒಂದೇ ದಾಸೋಹದಲ್ಲಿ ಕೂತು ಊಟ ಮಾಡಿದ್ದನ್ನು ನೋಡಿದ್ದೇನೆ. ಹೊಲದಲ್ಲಿ ಬರಿಗಾಲಲ್ಲೇ ಬೆಳೆದವರ ಅಂಗಾಲು ದಪ್ಪಗಿರುತ್ತದೆ, ಅವರು ನಡೆದಾರು. ನಿಮ್ಮ ಕಾಲು ಐದು ವಾರದಲ್ಲಿ ಹಾಗೆ ಆಗುವುದಿಲ್ಲ. ಗಾಳಿ 40 ಡಿಗ್ರಿ ಇದ್ದಾಗ ಡಾಂಬರು 60 ಡಿಗ್ರಿ ದಾಟುತ್ತದೆ. ನನಗೂ ನಿಮಗೂ ಅದು ಸುಟ್ಟ ಕೂಡಲೇ ಗೊತ್ತಾಗುತ್ತದೆ, ಕಾಲು ಎತ್ತುತ್ತೇವೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಅನೇಕರಿಗೆ ಪಾದದ ನರ ಮಂಕಾಗಿರುತ್ತದೆ, ಗೊತ್ತೇ ಆಗುವುದಿಲ್ಲ. ನನಗೇನೂ ನೋವಿಲ್ಲ ಎನ್ನುವ ಅವರ ಮಾತೇ ನನಗೆ ಭಯ.

ಈ ವಾರವೇ ಮಾವನವರನ್ನು ಅವರ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಣ್ಣ ನೈಲಾನ್ ಎಳೆ ಪಾದಕ್ಕೆ ತಾಗಿಸಿ ಸ್ಪರ್ಶ ನೋಡುತ್ತಾರೆ, ಐದು ನಿಮಿಷದ ಕೆಲಸ. ಪಾದದ ನಾಡಿಯನ್ನೂ ನೋಡಿಸಿ. ದಿನಾ 30 ಕಿ.ಮೀ. ನಡೆದರೆ ಸಕ್ಕರೆ ದಿಢೀರ್ ಇಳಿಯಬಹುದು. ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಎಂದು ಅವರಿಂದಲೇ ಬರೆಸಿಕೊಳ್ಳಿ. ಅಂಗಿ ಜೇಬಿನಲ್ಲಿ ಸದಾ ಗ್ಲೂಕೋಸ್ ಪುಡಿ ಅಥವಾ ಬೆಲ್ಲದ ಚೂರು ಇರಲಿ. ಬಳಸುತ್ತಿರುವ ಇನ್ಸುಲಿನ್ 30 ಡಿಗ್ರಿ ಒಳಗೆ ಇರಬೇಕು. ಟೆಂಪೋದ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಕೆಟ್ಟಂತೆಯೇ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆಯಲ್ಲಿ ನೆರಳಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು.

ಪಾದದಲ್ಲಿ ಸ್ಪರ್ಶ ಚೆನ್ನಾಗಿದೆ, ವೈದ್ಯರೂ ಒಪ್ಪಿದರು ಅಂದುಕೊಳ್ಳಿ. ಆಗ ಶೂ ಹಾಕಿ ನಡೆಯಲಿ, ರಾತ್ರಿ ನೀವೇ ಟಾರ್ಚ್ ಹಿಡಿದು ಅಂಗಾಲು ನೋಡಿ. ಹರಕೆ ಮನಸ್ಸಿಗೆ ಚುಚ್ಚುತ್ತಿದ್ದರೆ, ಶ್ರೀಶೈಲ ಮುಟ್ಟಿದ ಮೇಲೆ ಬೆಳಗಿನ ತಂಪಿನಲ್ಲಿ ಗುಡಿಯ ಹತ್ತಿರದ ಕೊನೆಯ ಒಂದಿಷ್ಟು ದೂರವನ್ನು ನಿಮ್ಮ ಕೈ ಹಿಡಿದು ಬರಿಗಾಲಲ್ಲಿ ನಡೆಯಬಹುದೇ ಎಂದು ಕೇಳಿ ನೋಡಿ. ಹಿರಿಯರು ಇಂಥ ಮಾತಿಗೆ ಒಪ್ಪಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸ್ಪರ್ಶ ಇಲ್ಲ ಎಂದು ಬಂದರೆ ಶೂ ಹಾಕಿಯೂ ಇಡೀ ದಾರಿ ಬೇಡ. ಬೆಳಿಗ್ಗೆ ಮೂರ್ನಾಲ್ಕು ಕಿ.ಮೀ. ನಿಮ್ಮ ಜೊತೆ ಬರಲಿ, ಉಳಿದದ್ದು ಟೆಂಪೋದಲ್ಲಿ. ಆತ್ಮಕೂರಿನಿಂದ ದೋರ್ನಾಲ ಸುತ್ತಿ ನಿಮಗಿಂತ ಮೊದಲೇ ಶ್ರೀಶೈಲ ಮುಟ್ಟಿರುತ್ತಾರೆ. ಚಾಲಕನ ಪಕ್ಕದ ಸೀಟು ಅವರಿಗೆ ಎಂದು ಈಗಲೇ ಹೇಳಿಡಿ. ಹೊರಡುವ ದಿನ ಹೇಳಿದರೆ ಅಲ್ಲಿ ಯಾರದ್ದಾದರೂ ಚಾಪೆ ಸುರುಳಿ ಕೂತಿರುತ್ತದೆ.